ಮೊದಲಿನಿಂದಲೂ ಅವರದೇ

ಜನವರಿ ೯

ಅಣ್ಣನಿಗೆ,

ನೀನು ಎಂದಾದರೂ ನನ್ನ ಒಂದು ಕೆಲಸಕ್ಕೆ ಬಂದೇ ಬರುತ್ತೀಯ ಎಂದು ಅಮ್ಮ ಹೇಳುತ್ತಿದ್ದಳು. ಆ ದಿನ ಬಂದಿದೆ. ನಗಬೇಡ, ಪೂರ್ತಿ ಓದು.

ಗಡಿಯ ಮೊಕದ್ದಮೆ ಇಲ್ಲಿನ ನ್ಯಾಯಮಂಡಳಿಯ ಮುಂದೆ ಬಂದಿರುವುದು ನಿನಗೆ ಗೊತ್ತು. ನಮ್ಮ ಸರ್ಕಾರದ ವಕೀಲರ ತಂಡದಲ್ಲಿ ಕಟ್ಟಕಡೆಯವಳು ನಾನು. ನನಗೆ ಕೊಟ್ಟಿರುವುದು ನೆಲಮಾಳಿಗೆಯ ಕೋಣೆ. ಕಿಟಕಿ ಇಲ್ಲ, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆಲ್ಲ ನಮ್ಮ ಊರಿನ ಹೆಸರು. ಇಷ್ಟು ದೂರದ ಪಟ್ಟಣದಲ್ಲಿ ಬೆಳಗ್ಗೆ ಬಾಗಿಲು ತೆಗೆದೊಡನೆ ಮೊದಲು ಕಾಣುವುದು ಆ ಹೆಸರೇ.

ವಿಷಯ ಇಷ್ಟು. ಹಳೇ ಒಪ್ಪಂದದಲ್ಲಿ ಗಡಿ ಎಂದರೆ ಹೊಳೆ. ಆ ಹೊಳೆ ಅಜ್ಜನ ಕಾಲದಲ್ಲಿ ದಾರಿ ಬದಲಿಸಿತು. ಈಗ ನೀರು ಹರಿಯುವ ಕಡೆ ಗಡಿ ಎಂದರೆ ಊರು ನಮ್ಮದು. ಒಣಗಿದ ಹಳೇ ಪಾತ್ರವೇ ಗಡಿ ಎಂದರೆ ಊರು ಅವರದು. ಇಂಥ ಕಡೆ ನ್ಯಾಯಾಧೀಶರು ಕೇಳುವ ಪ್ರಶ್ನೆ ಒಂದೇ: ಇಷ್ಟು ವರ್ಷ ಅಲ್ಲಿ ಒಡೆಯರ ಹಾಗೆ ನಡೆದುಕೊಂಡವರು ಯಾರು? ಟಪಾಲು ಹಂಚಿದವರು ಯಾರು, ಶಾಲೆ ನಡೆಸಿದವರು ಯಾರು, ದನಕ್ಕೆ ಲಸಿಕೆ ಹಾಕಿದವರು ಯಾರು? ಲಸಿಕೆ ಹಾಕಿದವನು ನೀನು. ಸರ್ಕಾರದ ದನದ ಡಾಕ್ಟರ್, ಇಪ್ಪತ್ತೆರಡು ವರ್ಷದಿಂದ ಒಂದೇ ಊರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಅಫಿಡವಿಟ್‌ನ ಕರಡು ಇದರ ಜೊತೆಗಿದೆ. ಮೇಷ್ಟ್ರಿಗೂ ಪೋಸ್ಟ್‌ಮಾಸ್ಟರಿಗೂ ಬೇರೆ ಕಳಿಸಿದ್ದೇನೆ. ಓದಿ, ನೋಟರಿಯ ಮುಂದೆ ಸಹಿ ಹಾಕಿ ಕಳಿಸು. ಎರಡು ದೇಶಗಳು ಬಂದೂಕು ಕೆಳಗಿಟ್ಟು ಐದು ಜನ ಮುದುಕರ ಮಾತಿಗೆ ತಲೆಬಾಗುತ್ತೇವೆ ಎಂದು ಒಪ್ಪಿವೆ. ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ


ಜನವರಿ ೨೭

ಪ್ರೀತಿಯ ವಕೀಲಮ್ಮನಿಗೆ,

ಫೋನ್ ಮಾಡೋಣವೆಂದರೆ ಎರಡೂ ದೇಶದ ಸೈನ್ಯದವರು ಪೈಪೋಟಿಯ ಮೇಲೆ ಸಿಗ್ನಲ್ ಕೆಡಿಸಿದ್ದಾರೆ. ಅವರು ಒಗ್ಗಟ್ಟಾಗಿ ಮಾಡಿದ ಕೆಲಸ ಇದೊಂದೇ.

ನಿನ್ನ ಕರಡು ಎರಡು ಸಲ ಓದಿದೆ. ಇಂಗ್ಲಿಷಿನಲ್ಲಿ ನಾನು ಬಹಳ ದೊಡ್ಡ ಮನುಷ್ಯನಾಗಿ ಕಾಣುತ್ತೇನೆ, ಅದಕ್ಕೆ ಥ್ಯಾಂಕ್ಸ್. ಆದರೆ ಏಳನೇ ಕಲಂ ಗಂಟಲಲ್ಲಿ ಇಳಿಯುತ್ತಿಲ್ಲ. ‘ಹೊಳೆಯಾಚೆಯ ಕುರಿಗಾಹಿಗಳು ಪ್ರತಿವರ್ಷ ನನ್ನ ಇಲಾಖೆಯ ಅನುಮತಿ ಪಡೆದು ಬರುತ್ತಿದ್ದರು.’ ಯಾವ ಅನುಮತಿ? ಹುಲ್ಲು ಹುಟ್ಟಿದಾಗ ಅವರು ಬರುತ್ತಾರೆ, ಹುಲ್ಲು ಮುಗಿದಾಗ ಹೋಗುತ್ತಾರೆ. ಕುರಿಗೆ ಅನುಮತಿ ಕೊಡುವುದು ಹುಲ್ಲು, ನಾನಲ್ಲ. ಬಂದವುಗಳಿಗೆಲ್ಲ ಸೂಜಿ ಚುಚ್ಚಿದ್ದೇನೆ, ನಿಜ. ಕಾಲುಬಾಯಿ ಜ್ವರ ಪಾಸ್‌ಪೋರ್ಟ್ ಮಾಡಿಸಿಕೊಂಡು ಬರುವುದಿಲ್ಲವಲ್ಲ. ಚುಚ್ಚಿದ್ದಕ್ಕೆ ಒಂದು ಚೀಟಿ ಕೊಡುತ್ತೇನೆ. ಆ ಚೀಟಿಯನ್ನೇ ನೀವು ಅನುಮತಿ ಎಂದು ಕರೆದಿರಾ?

ಇನ್ನೊಂದು. ಪೋಸ್ಟ್‌ಮಾಸ್ಟರ್ ನಿನ್ನೆ ಆಸ್ಪತ್ರೆಯ ಹಿಂಬಾಗಿಲಿನಿಂದ ಬಂದು ಕೇಳಿದರು: “ಡಾಕ್ಟ್ರೇ, ನಮ್ಮ ಹೆಸರು ಎಲ್ಲೆಲ್ಲಿ ಹೋಗುತ್ತೆ?” ನನಗೆ ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಹೊಳೆ, ಆಚೆ ಅವರ ಕಾವಲುಗೋಪುರ. ನಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕಿದರೆ ಎಷ್ಟು ಅಂಗಿ ಎಂದು ಅವರಿಗೆ ಗೊತ್ತಾಗುತ್ತದೆ. ಹೆಸರು ಎಲ್ಲಿ ಹೋಗುತ್ತದೆ ಎಂದು ಮೊದಲು ಬರೆ.

ಅಮ್ಮನ ಮೊಣಕಾಲು ಹಾಗೇ ಇದೆ. ನಿನ್ನತ್ತಿಗೆ ಕರಡನ್ನು ಓದಿ ಏಳನೇ ಕಲಮಿನ ಹಾಳೆಯನ್ನು ಬೇರೆ ತೆಗೆದಿಟ್ಟಳು. ಅದರ ಅರ್ಥ ಏನೆಂದು ನಿನಗೂ ಗೊತ್ತು.

ಅಣ್ಣ


ಫೆಬ್ರುವರಿ ೧೫

ಅಣ್ಣನಿಗೆ,

ಹೆಸರು ಹೋಗುವುದು ಐದು ಜನ ನ್ಯಾಯಾಧೀಶರ ಮೇಜಿಗೆ. ಐವರಿಗೂ ಕಣ್ಣು ಮಂಜು. ಎದುರು ಪಕ್ಷದ ವಕೀಲರಿಗೆ ಒಂದು ಪ್ರತಿ ಕೊಡಬೇಕು, ಅದು ನಿಯಮ, ಆದರೆ ಅವರೂ ಗೋಪ್ಯ ಕಾಪಾಡಬೇಕಾದವರೇ. ಪೋಸ್ಟ್‌ಮಾಸ್ಟರಿಗೆ ಧೈರ್ಯ ಹೇಳು.

ಏಳನೇ ಕಲಂ ಬಗ್ಗೆ ನಮ್ಮ ಹಿರಿಯ ವಕೀಲರನ್ನು ಕೇಳಿದೆ. “ಚೀಟಿ ಕೊಟ್ಟ ಮೇಲೆ ಅದು ಅನುಮತಿಯೇ, ಕಾನೂನಿನ ಕಣ್ಣಿಗೆ,” ಎಂದರು. ಅವರು ಬಹಳ ದೊಡ್ಡವರು, ಅಣ್ಣ. ಹೋದ ವರ್ಷ ಇನ್ನೊಂದು ದೇಶದ ಪರವಾಗಿ ‘ನಕ್ಷೆಯೇ ಮುಖ್ಯ, ಆಡಳಿತ ಮುಖ್ಯವಲ್ಲ’ ಎಂದು ವಾದಿಸಿ ಗೆದ್ದರು. ಈ ವರ್ಷ ನಮಗಾಗಿ ‘ಆಡಳಿತವೇ ಮುಖ್ಯ’ ಎನ್ನುತ್ತಿದ್ದಾರೆ. ನಾನು ನಕ್ಕದ್ದಕ್ಕೆ, “ಕಾನೂನು ಅಂದ್ರೆ ಕೋಟು, ಮೈ ಯಾರದೋ ಅವರಿಗೆ ಹೊಂದಿಸಬೇಕು,” ಎಂದರು.

ಕರಡು ಬದಲಿಸಿದರೆ ಮೇಷ್ಟ್ರದ್ದೂ ಬದಲಿಸಬೇಕು, ಗಡುವು ಮೀರುತ್ತದೆ. ಇದ್ದ ಹಾಗೇ ಸಹಿ ಹಾಕಿಬಿಡು. ನೀನು ಸುಳ್ಳು ಹೇಳುತ್ತಿಲ್ಲ. ಊರು ಉಳಿಯಬೇಕಲ್ಲವೇ?

ತಂಗಿ


ಮಾರ್ಚ್ ೨

ವಕೀಲಮ್ಮ,

ಸಹಿ ಹಾಕಿದೆ. ಮೇಷ್ಟ್ರೂ ಹಾಕಿದರು, ಅವರ ಹಳೇ ಮಸಿ ಪೆನ್ನಿನಲ್ಲಿ, ಅಲಂಕಾರ ಮಾಡಿ. ಪೋಸ್ಟ್‌ಮಾಸ್ಟರ್ ನೋಟರಿಯ ಅಂಗಡಿವರೆಗೆ ಬಂದು, ಹೊಟ್ಟೆನೋವೆಂದು ಹೇಳಿ ತಿರುಗಿ ಹೋದರು.

ಅಣ್ಣ


ಜೂನ್ ೧೮

ಅಣ್ಣನಿಗೆ,

ವಾದ ಮುಗಿಯಿತು. ಎತ್ತರದ ಚಾವಣಿಯ ಕೋಣೆ, ಹಸಿರು ಬಟ್ಟೆ ಹೊದಿಸಿದ ಮೇಜು, ಕಿವಿಗೆ ಹಾಕಿಕೊಳ್ಳಲು ಭಾಷಾಂತರದ ಯಂತ್ರ. ನಿನ್ನ ಅಫಿಡವಿಟ್ ಓದಿದಾಗ ಐವರು ನ್ಯಾಯಾಧೀಶರೂ ಆ ಯಂತ್ರವನ್ನು ಕಿವಿಗೆ ಒತ್ತಿಕೊಂಡರು. ನಿನ್ನ ಹೆಸರು ಅಲ್ಲಿ ಕೇಳಿದಾಗ, ಅಪ್ಪ ಬದುಕಿದ್ದಿದ್ದರೆ ಎನಿಸಿತು.

ಒಂದು ಮಾತು ಹೇಳಬೇಕು. ವಾದ ಶುರುವಾದ ದಿನದಿಂದ ಕಡತಗಳು ಬಹಿರಂಗವಾಗುತ್ತವೆ, ಇದು ಈ ಮಂಡಳಿಯ ಪದ್ಧತಿ. ವಾದ ಪ್ರಸಾರವೂ ಆಯಿತು. ಎದುರಿನವರು ನಿನ್ನ ಅಫಿಡವಿಟನ್ನು ಸ್ವಲ್ಪ ಹಗುರವಾಗಿ ಆಡಿದರು, ಅದು ಇದ್ದದ್ದೇ. ಮಧ್ಯಾಹ್ನ ಆ ವಕೀಲರೇ ಊಟದ ಸಾಲಿನಲ್ಲಿ ನನಗೆ ತಟ್ಟೆ ಎತ್ತಿಕೊಟ್ಟರು. ಇಲ್ಲಿ ಯಾರೂ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ನೀನೂ ಚಿಂತೆ ಮಾಡಬೇಡ.

ಊರಲ್ಲಿ ಯಾರಾದರೂ ಏನಾದರೂ ಅಂದರೇ?

ತಂಗಿ


ಜುಲೈ ೧೧

ವಕೀಲಮ್ಮ,

ಯಾರೂ ಏನೂ ಅನ್ನಲಿಲ್ಲ. ಹೊಳೆಯಾಚೆಯ ಮಾವ ಮಾತ್ರ ಬಂದಿದ್ದ. ನಿನಗೆ ನೆನಪಿರಬೇಕು, ಚಿಕ್ಕವಳಿದ್ದಾಗ ನಿನ್ನನ್ನು ಟಗರಿನ ಮೇಲೆ ಕೂರಿಸಿದ ಕುರಿಗಾಹಿ. ಊರಿಗೆಲ್ಲ ಅವನು ಮಾವನೇ. ಈ ಸಲ ಮಂದೆ ತರದೆ ಒಬ್ಬನೇ ಬಂದು ಆಸ್ಪತ್ರೆಯ ಜಗಲಿಯ ಮೇಲೆ ಕೂತ.

“ಡಾಕ್ಟ್ರೇ, ರೇಡಿಯೋದಲ್ಲಿ ನಿಮ್ಮ ಹೆಸರು ಬಂತು.”

“ಬಂತಂತೆ ಮಾವ.”

“ನಾವು ನಿಮ್ಮ ಅಪ್ಪಣೆ ಕೇಳಿ ಬರ್ತಿದ್ವಿ ಅಂತ ಹೇಳಿದೀರಂತೆ. ನಮ್ಮಪ್ಪ ಯಾರ ಅಪ್ಪಣೆ ಕೇಳಿದ್ದ? ನೀವಾಗ ಹುಟ್ಟೇ ಇರ್ಲಿಲ್ಲ.”

“ಅದು ಕೋರ್ಟಿನ ಭಾಷೆ ಮಾವ.”

“ನಮ್ಮ ಹುಡುಗರಿಗೆ ಆ ಭಾಷೆ ಬರಲ್ಲ. ಡಾಕ್ಟ್ರು ನಮ್ಮನ್ನ ಪರದೇಶಿ ಅಂದ್ರು, ಅವರಿಗೆ ಅರ್ಥ ಆಗಿದ್ದು ಅಷ್ಟೇ.” ಕಂಬಳಿ ಹೆಗಲಿಗೆ ಹಾಕಿಕೊಂಡು, “ಹುಷಾರಾಗಿರಿ,” ಎಂದು ಎದ್ದು ಹೋದ. ಟೀ ಕುಡಿಯಲಿಲ್ಲ.

ಬೇರೆ ವಿಶೇಷವೇನಿಲ್ಲ. ಗೇಟಿಗೆ ಹೊಸ ಬಣ್ಣ ಹೊಡೆಸಿದೆ. ನಿನ್ನತ್ತಿಗೆಗೆ ಹಸಿರು ಬೇಕಿತ್ತು, ಕಪ್ಪೇ ಸರಿ ಎಂದು ನಾನು ಹೇಳಿದೆ. ಕಪ್ಪಿನ ಕೆಳಗೆ ಏನೂ ಕಾಣುವುದಿಲ್ಲ.

ಅಣ್ಣ


ಸೆಪ್ಟೆಂಬರ್ ೬

ಅಣ್ಣನಿಗೆ,

ಎಂಥ ಕಾಲದಲ್ಲೂ ಮನೆಗೆ ಬಣ್ಣ ಹೊಡೆಸುವ ನಿನ್ನ ಉತ್ಸಾಹ ಕಂಡು ನಗು ಬಂತು, ಸಮಾಧಾನವೂ ಆಯಿತು. ಆದರೆ ಕಪ್ಪು ಗೇಟು ಯಾರಾದರೂ ಇಡುತ್ತಾರೆಯೇ? ಅತ್ತಿಗೆಯ ಮಾತು ಕೇಳು, ಗೆದ್ದ ಮೇಲೆ ಹಸಿರು ಹೊಡೆಸು.

ನಮ್ಮ ವಿದೇಶಾಂಗ ಮಂತ್ರಾಲಯದ ದೊಡ್ಡ ಅಧಿಕಾರಿ ಬಂದಿದ್ದರು. ಅದೇ ಮೊಕದ್ದಮೆಯಲ್ಲಿ ಹೊಳೆ ಸೇರುವ ಕಡಲಿನ ಪಾಲಿನ ಪ್ರಶ್ನೆಯೂ ಇದೆ, ಕಡಲ ತಳದಲ್ಲಿ ಅನಿಲ ಸಿಕ್ಕಿದೆ. ನಾನು ಊರಿನ ಬಗ್ಗೆ ಇನ್ನೊಂದು ಟಿಪ್ಪಣಿ ಕೊಡಲು ಹೋದರೆ, “ಊರಿನ ಬಗ್ಗೆ ಅಷ್ಟೊಂದು ತಲೆ ಕೆಡಿಸ್ಕೋಬೇಡಿ, ಕಡಲಿನ ನಕ್ಷೆ ಸರಿಯಾಗಿರಲಿ,” ಎಂದರು. ಅವರು ಅಷ್ಟು ನಿಶ್ಚಿಂತೆಯಿಂದ ಇದ್ದಾರೆ ಎಂದರೆ ಊರು ನಮಗೇ ಎಂದು ಅರ್ಥ.

ತೀರ್ಪು ನವೆಂಬರಿನಲ್ಲಿ.

ತಂಗಿ


ಅಕ್ಟೋಬರ್ ೧೪

ವಕೀಲಮ್ಮ,

ನಿನ್ನ ಅಧಿಕಾರಿಯ ನಿಶ್ಚಿಂತೆಗೆ ಇನ್ನೊಂದು ಅರ್ಥವೂ ಇರಬಹುದು. ನನಗೆ ಕಂಡದ್ದು ಹೇಳುತ್ತೇನೆ, ಅರ್ಥ ನೀನೇ ಮಾಡು.

ನಮ್ಮ ಸೈನ್ಯದ ಠಾಣೆಯ ಕ್ಯಾಪ್ಟನ್ ಮೊನ್ನೆ ಅವರ ಕಾವಲು ನಾಯಿಯನ್ನು ಕರೆದುಕೊಂಡು ಬಂದ. ಒಳ್ಳೆಯ ನಾಯಿ, ನಾನೇ ಮರಿಯಿಂದ ನೋಡಿದ್ದು. “ಪ್ರಯಾಣಕ್ಕೆ ಆರೋಗ್ಯದ ಸರ್ಟಿಫಿಕೇಟ್ ಬೇಕು ಡಾಕ್ಟ್ರೇ,” ಎಂದ.

“ಯಾವ ಕಡೆ ಪ್ರಯಾಣ?”

“ಹೆಡ್‌ಕ್ವಾರ್ಟರ್ಸ್‌ಗೆ.”

“ವಾಪಸ್ ಯಾವಾಗ?”

ಅವನು ನಾಯಿಯ ಕಿವಿ ತುರಿಸುತ್ತ ನಿಂತ. ನಾನು ಬರೆದುಕೊಟ್ಟೆ. ತೀರ್ಪು ಮುಂದಿನ ತಿಂಗಳು, ನಾಯಿಗೆ ಸರ್ಟಿಫಿಕೇಟ್ ಈ ತಿಂಗಳು. ನಾಯಿಗೆ ಇರುವ ಯೋಗ ನಮಗಿಲ್ಲವಲ್ಲ ಎಂದು ಅವನು ಹೋದ ಮೇಲೆ ಹೊಳೆಯಿತು.

ಪೋಸ್ಟ್‌ಮಾಸ್ಟರ್ ರಜೆ ಹಾಕಿ ಸಂಸಾರ ಸಮೇತ ಹೊರಟರು. ಮೇಷ್ಟ್ರು ಮಾತ್ರ ಸಿಕ್ಕಸಿಕ್ಕವರಿಗೆ, “ಐದು ಜನ ದೊಡ್ಡ ನ್ಯಾಯಾಧೀಶರು, ಅನ್ಯಾಯ ಮಾಡಲ್ಲ,” ಎನ್ನುತ್ತಿದ್ದಾರೆ. ನಾವೂ ಹೊರಡೋಣವೆಂದರೆ, ರಜೆಯ ಅರ್ಜಿಗೆ ಇಲಾಖೆಯಿಂದ ಉತ್ತರ ಬಂತು: ಸಾಕ್ಷಿಯಾದ ಅಧಿಕಾರಿ ತೀರ್ಪಿಗೆ ಮೊದಲು ಊರು ಬಿಟ್ಟರೆ ನಮ್ಮ ವಾದ ಸಡಿಲವಾದಂತೆ ಕಾಣುತ್ತದೆ. ನಿನ್ನ ಕಚೇರಿಯ ಸಲಹೆ ಎಂದೂ ಬರೆದಿದ್ದಾರೆ. ನಿನಗೆ ಗೊತ್ತಿತ್ತೇ?

ಗೇಟಿನ ವಿಷಯ ಹೇಳಿಬಿಡುತ್ತೇನೆ, ನೀನು ನಗುವುದು ಬೇಡ. ಅದರ ಮೇಲೆ ನನ್ನ ಹೆಸರು ಬರೆದು ಅಡ್ಡ ಗೆರೆ ಎಳೆದು ಹೊಡೆದುಹಾಕಿದ್ದರು. ಅಮ್ಮನಿಗೆ ಗೊತ್ತಿಲ್ಲ.

ಅಣ್ಣ


ನವೆಂಬರ್ ೨೧

ಅಣ್ಣ,

ರೇಡಿಯೋದಲ್ಲಿ ಕೇಳಿರುತ್ತೀಯ. ಹಳೇ ಪಾತ್ರವೇ ಗಡಿ. ಊರು ಅವರ ಕಡೆ. ಕಡಲಿನಲ್ಲಿ ದೊಡ್ಡ ಪಾಲು ನಮಗೆ. ಮಂತ್ರಾಲಯದವರು ‘ಐತಿಹಾಸಿಕ ಜಯ’ ಎಂದು ಹೇಳಿಕೆ ಕೊಟ್ಟಿದ್ದಾರೆ. ಮೇಲ್ಗಡೆ ಕಚೇರಿಯಲ್ಲಿ ಗ್ಲಾಸು ತಾಗಿಸುವ ಸದ್ದು ಈಗಲೂ ಕೇಳುತ್ತಿದೆ.

ಇಲಾಖೆಗೆ ಆ ಸಲಹೆ ಹೋದದ್ದು ನನಗೆ ಗೊತ್ತಿರಲಿಲ್ಲ.

ತೀರ್ಪಿನ ನೂರಾಹದಿನಾಲ್ಕನೇ ಪ್ಯಾರಾ ಬಾಯಿಪಾಠ ಮಾಡಿಕೋ: ಊರಿನ ನಿವಾಸಿಗಳ ಹಕ್ಕುಗಳನ್ನೂ ಅವರು ಸದ್ಭಾವನೆಯಿಂದ ಮಾಡಿದ ಕೆಲಸಗಳನ್ನೂ ಗೌರವಿಸಬೇಕು. ಅವರ ಪ್ರತಿನಿಧಿ ಎದ್ದುನಿಂತು ಮಾತು ಕೊಟ್ಟಿದ್ದಾರೆ. ಒಂದು ದೇಶ ಕೊಟ್ಟ ಮಾತು ಅದು. ಆದರೂ ನೀನು ಕಾಯಬೇಡ. ಅಮ್ಮನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಒಣಹೊಳೆಯ ಸೇತುವೆ ದಾಟಿ ನಮ್ಮ ದೇಶದ ಕಡೆ ಬಂದುಬಿಡು. ಇಲಾಖೆ ಹಾಳಾಗಿ ಹೋಗಲಿ.

ತಂಗಿ


ಡಿಸೆಂಬರ್ ೧೩

ವಕೀಲಮ್ಮ,

ನಿನ್ನ ಕಾಗದ ಬರುವ ಹೊತ್ತಿಗೆ ಸೇತುವೆಗೆ ಅಡ್ಡಗಂಬ ಬಿದ್ದಿತ್ತು. ನೀರಿಲ್ಲದ ಹೊಳೆಗೆ ಯಾಕೆ ಸೇತುವೆ ಎಂದು ನಗುತ್ತಿದ್ದೆವು. ಈಗ ಎರಡೂ ತುದಿಯಲ್ಲಿ ಸೈನಿಕರು, ನಡುವೆ ಒಣ ಮರಳು.

ಊರನ್ನು ವಶಕ್ಕೆ ತೆಗೆದುಕೊಂಡ ಅವರ ಹೊಸ ಅಧಿಕಾರಿ ನನ್ನನ್ನು ಕರೆಸಿದ. ನಿನ್ನ ವಯಸ್ಸಿನವನು. ಬಹಳ ಮರ್ಯಾದೆ. “ಕೂತ್ಕೊಳ್ಳಿ ಡಾಕ್ಟ್ರೇ, ಟೀ ತಗೋತೀರಾ?” ಎಂದ. ಮೇಜಿನ ಮೇಲೆ ನನ್ನ ಅಫಿಡವಿಟ್ ಇತ್ತು.

“ಇಪ್ಪತ್ತೆರಡು ವರ್ಷದಿಂದ ಇಲ್ಲಿ ವೃತ್ತಿ ಮಾಡ್ತಿದೀರಿ. ಯಾರ ಲೈಸೆನ್ಸ್ ಮೇಲೆ?”

“ನಮ್ಮ ಸರ್ಕಾರದ್ದು.”

“ನಮ್ಮ ನೆಲದಲ್ಲಿ ನಿಮ್ಮ ಸರ್ಕಾರದ ಲೈಸೆನ್ಸ್ ಹೇಗೆ ನಡೆಯುತ್ತೆ?”

“ಆಗ ಇದು ನಿಮ್ಮ ನೆಲ ಆಗಿರ್ಲಿಲ್ಲ ಸ್ವಾಮಿ. ಹೋದ ತಿಂಗಳು ಕೋರ್ಟು ನಿಮಗೆ ಕೊಟ್ಟಿತು.”

ಅವನು ನಕ್ಕ. ಕೆಟ್ಟ ನಗುವಲ್ಲ, ಪಾಠ ಹೇಳುವವರ ನಗು. “ಕೊಡೋಕೆ ಕೋರ್ಟ್ ಯಾರು ಡಾಕ್ಟ್ರೇ? ಇದು ಮೊದಲಿನಿಂದಲೂ ನಮ್ಮದೇ ಅಂತ ಕೋರ್ಟ್ ಹೇಳ್ತು, ಅಷ್ಟೇ. ನಿಮ್ಮ ತಂಗಿ ವಕೀಲರಲ್ವಾ, ಕೇಳಿ ನೋಡಿ. ಅಂದ್ಮೇಲೆ ನೀವು ಇಷ್ಟು ವರ್ಷ ನಮ್ಮ ದೇಶದೊಳಗೆ ಲೈಸೆನ್ಸ್ ಇಲ್ಲದೆ, ಪರದೇಶದ ಸಂಬಳ ತಗೊಂಡು, ನಮ್ಮ ಪ್ರಜೆಗಳಿಗೆ ಅನುಮತಿ ಕೊಡೋ ಕೆಲಸ ಮಾಡಿದೀರಿ. ನಾನು ಹೇಳ್ತಿಲ್ಲ, ನೀವೇ ಬರ್ಕೊಟ್ಟಿದೀರಿ. ಏಳನೇ ಕಲಂ.”

ನಾನು ನೂರಾಹದಿನಾಲ್ಕನೇ ಪ್ಯಾರಾ ಹೇಳಿದೆ. ಅವನು ತಲೆಯಾಡಿಸಿ ಬರೆದುಕೊಂಡ. “ಸದ್ಭಾವನೆ ಹೌದೋ ಅಲ್ವೋ ಅಂತ ನೋಡೋದೇ ಈ ವಿಚಾರಣೆ. ಕಾನೂನು ಪ್ರಕಾರವೇ ಹೋಗೋಣ,” ಎಂದ. ವಕೀಲಮ್ಮ, ಹೊಡೆಯುತ್ತೇನೆ ಎಂದಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ಮೇಷ್ಟ್ರನ್ನು ನಿನ್ನೆ ಕರೆಸಿದ್ದರು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಇನ್ನೂ ಬಂದಿಲ್ಲ. ಅವರ ಮಗಳು ಬೆಳಗ್ಗೆಯಿಂದ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾಳೆ, ತಟ್ಟೆಯಲ್ಲಿರುವುದು ಹಾಗೇ ಇದೆ.

ಸೋಮವಾರ ನಾನು ಮತ್ತೆ ಹೋಗಬೇಕು. ಅವನು ಹೇಳಿದ್ದು ನಿಜವೇ? ಮೊದಲಿನಿಂದಲೂ ಅವರದೇ ಆಗಿತ್ತೇ?

ಅಣ್ಣ


ಡಿಸೆಂಬರ್ ೨೪

ಅಣ್ಣ,

ಅವನು ಹೇಳಿದ್ದು ನಿಜ. ತೀರ್ಪು ಗಡಿಯನ್ನು ಮಾಡುವುದಿಲ್ಲ, ಇದ್ದ ಗಡಿಯನ್ನು ತೋರಿಸುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅದರೊಳಗೆ ಮನುಷ್ಯರನ್ನು ಇಟ್ಟು ನೋಡಿರಲಿಲ್ಲ.

ಮಂತ್ರಾಲಯದ ಅದೇ ದೊಡ್ಡ ಅಧಿಕಾರಿ ಮತ್ತೆ ಇಲ್ಲಿಗೆ ಬಂದಿದ್ದರು, ಅವರ ಬಾಗಿಲಲ್ಲಿ ಅರ್ಧ ದಿನ ನಿಂತೆ. ಪ್ರತಿಭಟನೆಯ ಪತ್ರ ಕಳಿಸಿ, ಎರಡು ಸಾಲು ಸಾಕು ಎಂದೆ. “ನಾವೀಗ ಊರಿನ ಮಾತೆತ್ತಿದ್ರೆ ತೀರ್ಪು ಒಪ್ಪಿಲ್ಲ ಅಂತಾಗುತ್ತೆ. ಆಗ ಅವರು ಕಡಲಿನ ಭಾಗ ಒಪ್ಪಲ್ಲ ಅಂತಾರೆ. ಆ ಅಧ್ಯಾಯ ಮುಗಿದಿದೆಯಮ್ಮ,” ಎಂದರು. “ನಮ್ಮ ಸಾಕ್ಷಿ ಸರ್,” ಎಂದೆ. “ಹುಟ್ಟಿದ ಊರಿನ ಲೆಕ್ಕದಲ್ಲಿ ಅವರು ಈಗ ಆ ದೇಶದವರು,” ಎಂದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದು.

ವಿಚಾರಣೆಯಲ್ಲಿ ವಕೀಲರು ಬೇಕೆಂದು ಕೇಳು. ಏನಕ್ಕೂ ಸಹಿ ಹಾಕಬೇಡ. ಕೂಡಲೇ ಬರೆ.

ತಂಗಿ


ಜನವರಿ ೧೦

ಅಣ್ಣ,

ಉತ್ತರ ಬರಲಿಲ್ಲ. ಅಂಚೆ ತಡವಾಗಿರಬೇಕು. ಒಂದು ಸಾಲು ಸಾಕು. ಅತ್ತಿಗೆ ಬರೆದರೂ ಆಗುತ್ತದೆ.


ಜನವರಿ ೨೫

ಅಣ್ಣ,

ಕೆಳಗಿನ ಬಾಗಿಲಿಗೆ ಅಂಚೆಯವನು ಬಂದ ಸದ್ದಾದರೆ ಮೆಟ್ಟಿಲ ಮೇಲೇ ಕೂತುಬಿಡುತ್ತೇನೆ. ಬರದಿದ್ದರೂ ಭಯ, ಬಂದರೂ ಭಯ. ಹೇಗಿದ್ದೀಯ?


ಫೆಬ್ರುವರಿ ೪

ಮಾನ್ಯ ಸಹೋದರಿಯವರಿಗೆ,

ನಾನು ಇಲ್ಲಿ ಆರೋಗ್ಯವಾಗಿದ್ದೇನೆ. ಅಧಿಕಾರಿಗಳು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಕಳೆದ ವರ್ಷ ನಾನು ಸಹಿ ಮಾಡಿದ ಅಫಿಡವಿಟ್‌ನ ಏಳನೇ ಕಲಂ ನನ್ನ ಮಾತಲ್ಲವೆಂದೂ, ಅದನ್ನು ನಿಮ್ಮ ಕಚೇರಿಯವರು ಬರೆದು ನನ್ನ ಮೇಲೆ ಒತ್ತಡ ತಂದು ಸಹಿ ಮಾಡಿಸಿದರೆಂದೂ ಹೇಳಿಕೆ ನೀಡಿರುತ್ತೇನೆ. ಇದನ್ನು ಖಚಿತಪಡಿಸಿ ತಾವೂ ಒಂದು ಪ್ರಮಾಣೀಕೃತ ಹೇಳಿಕೆಯನ್ನು ಈ ದೇಶದ ರಾಯಭಾರ ಕಚೇರಿಗೆ ಸಲ್ಲಿಸಿದಲ್ಲಿ ನನ್ನ ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದು ತಿಳಿಸಿರುತ್ತಾರೆ. ತಾವು ತಡಮಾಡದೆ ಸಹಕರಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಪಶುವೈದ್ಯ


ಫೆಬ್ರುವರಿ ೧೧

ವಕೀಲಮ್ಮ,

ಈ ಕಾಗದ ಮಾವನ ಕೈಲಿ ಕಳಿಸುತ್ತಿದ್ದೇನೆ. ಅವನು ಹೇಗೋ ಲಾರಿಯವರಿಗೆ ಕೊಟ್ಟು ಒಣಹೊಳೆಯಾಚೆ ನಮ್ಮ ದೇಶದ ಅಂಚೆಗೆ ಹಾಕಿಸುತ್ತಾನೆ. ಮೇಷ್ಟ್ರನ್ನೂ ನನ್ನನ್ನೂ ಇಟ್ಟದ್ದು ನನ್ನ ಆಸ್ಪತ್ರೆಯಲ್ಲೇ, ಔಷಧಿ ದಾಸ್ತಾನಿನ ಕೋಣೆಯಲ್ಲಿ; ಅಮ್ಮ, ನಿನ್ನತ್ತಿಗೆ ಮನೆಯಲ್ಲೇ ಇದ್ದಾರೆ. ಆಚೆದಡದ ಮಂದೆಗೆ ಜ್ವರ ಬಂದಿದೆ, ಅವರ ಡಾಕ್ಟರ್ ಇನ್ನೂ ಬಂದಿಲ್ಲ, ಹಾಗಾಗಿ ದಿನಕ್ಕೊಮ್ಮೆ ಅಂಗಳಕ್ಕೆ ಬಿಟ್ಟು ಕುರಿ ನೋಡಿಸುತ್ತಾರೆ. ಮಾವ ಕುಂಟು ಕುರಿಯೊಂದನ್ನು ಹಿಡಿದು ತಂದಿದ್ದ. ಅದರ ಕಾಲಿಗೆ ಏನೂ ಆಗಿರಲಿಲ್ಲ.

ಮೊನ್ನೆಯ ಕಾಗದದಲ್ಲಿ ಅಕ್ಷರ ನನ್ನದು, ಮಾತು ಅವರದು. ನೀನು ಏನೂ ಬರೆದುಕೊಡಬೇಡ. ಮೇಷ್ಟ್ರ ಮಗಳಿಂದ ಅಂಥದೇ ಹೇಳಿಕೆ ಬರೆಸಿಕೊಂಡರು. ಅದು ಸಿಕ್ಕ ಮಾರನೇ ದಿನ ಮೇಷ್ಟ್ರನ್ನು ನಮ್ಮ ಕೋಣೆಯಿಂದ ಕರೆದೊಯ್ದರು. ಅವರ ಕನ್ನಡಕ ಇಲ್ಲೇ ಇದೆ. ಕನ್ನಡಕ ಬಿಟ್ಟು ಅವರು ಎಲ್ಲಿಗೂ ಹೋಗುವವರಲ್ಲ.

ಬೇಕಾದ್ದು ಸಿಗುವತನಕ ನಾನು ಅವರಿಗೆ ಬೇಕಾದವನು. ಕೊಡಬೇಡ.

ಅಣ್ಣ


ಫೆಬ್ರುವರಿ ೧೯

ಅಣ್ಣ,

ನಾಲ್ಕನೇ ತಾರೀಖಿನ ಕಾಗದ ಸಿಕ್ಕಿತು. ‘ಮಾನ್ಯ’ ಎಂಬುದನ್ನು ಓದಿದಾಗಲೇ ನಿನ್ನ ಹಿಂದೆ ಯಾರೋ ನಿಂತಿದ್ದಾರೆ ಎಂದು ಗೊತ್ತಾಯಿತು. ಇದನ್ನು ಅವರೂ ಓದುತ್ತಾರೆ, ಓದಲಿ.

ಇವತ್ತು ಬೆಳಗ್ಗೆ ಅವರ ರಾಯಭಾರ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಏಳನೇ ಕಲಂ ನನ್ನ ಕಚೇರಿಯದು, ನೀನು ಬೇಡವೆಂದು ಬರೆದಿದ್ದೆ, ನಾನು ಒತ್ತಾಯ ಮಾಡಿದೆ. ಸುಳ್ಳು ಒಂದಕ್ಷರವೂ ಇಲ್ಲ. ಅದನ್ನು ಇಸಿದುಕೊಂಡ ಗುಮಾಸ್ತೆ ಬಹಳ ವಿನಯದಿಂದ ರಸೀದಿ ಕೊಟ್ಟಳು.

ನಮ್ಮ ಕಚೇರಿಗೆ ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಿತ್ತು. ನನ್ನ ಬಾಗಿಲಿನ ಕಾರ್ಡು ಕೆಲಸ ಮಾಡಲಿಲ್ಲ. ಹಿರಿಯ ವಕೀಲರು ಹೊರಗೆ ಬಂದು ನನ್ನ ಕೋಟನ್ನು ಕೈಗೆ ಕೊಟ್ಟರು, ಮುಖ ನೋಡಲಿಲ್ಲ. ಅದಿರಲಿ. ಈಗ ನಿನ್ನನ್ನು ಬಿಡಲೇಬೇಕು.

ತಂಗಿ


ಮಾರ್ಚ್ ೩

ಅಣ್ಣ,

ಹನ್ನೊಂದನೇ ತಾರೀಖಿನ ನಿನ್ನ ಕಾಗದ ಇವತ್ತು ಸಿಕ್ಕಿತು.

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕು ಎಂದು ತಿಳಿಯುತ್ತಿಲ್ಲ. ಆಸ್ಪತ್ರೆಗೇ ಹಾಕುತ್ತೇನೆ. ರೆಡ್ ಕ್ರಾಸೋ ರೆಡ್ ಕ್ರೆಸೆಂಟೋ ಯಾವುದಾದರೂ ಸಂಸ್ಥೆ ಒಳಗೆ ಹೋಗಿ ನೋಡಬಹುದೇ ಎಂದು ಬಾಗಿಲು ಬಾಗಿಲು ತಟ್ಟುತ್ತಿದ್ದೇನೆ. ಎಲ್ಲರೂ ಕೂರಿಸಿ ನೀರು ಕೊಡುತ್ತಾರೆ. ನಮ್ಮ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟ್ ತಂದೊಪ್ಪಿಸಬೇಕೆಂದು ನೋಟಿಸ್ ಬಂದಿದೆ. ದೇಶಕ್ಕೆ ಮರಳಿದರೆ ನನಗೆ ಏನಾಗುತ್ತದೆ ಎಂದು ನೋಟಿಸಿನಲ್ಲಿ ಬರೆದಿಲ್ಲ.

ನಾನು ಎರಡು ವಾರ ಕಾಯಬೇಕಿತ್ತು. ಕಾಯುವ ಶಕ್ತಿ ಇರಲಿಲ್ಲ ಅಣ್ಣ.


ಏಪ್ರಿಲ್ ೧೨

ವಕೀಲಮ್ಮ,

ಬದುಕಿದ್ದೇನೆ. ಮೊದಲು ಅದನ್ನು ಬರೆದು ಆಮೇಲೆ ಉಳಿದದ್ದು ಎಂದು ನಿನ್ನತ್ತಿಗೆ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಅಮ್ಮನೂ ಇದ್ದಾಳೆ. ಮೂವರೂ ಒಣಹೊಳೆಯ ಈ ಕಡೆ ಇದ್ದೇವೆ.

ನಿನ್ನ ಹೇಳಿಕೆ ಮುಟ್ಟಿದ ಮೇಲೆ ಒಂದು ಬೆಳಗ್ಗೆ ಬಾಗಿಲು ತೆಗೆದು ನನ್ನ ಹೆಸರು ಕೂಗಿದರು. ಅಂಗಳದಲ್ಲಿ ಮುಚ್ಚಿದ ಗಾಡಿ ನಿಂತಿತ್ತು. ಮೇಷ್ಟ್ರನ್ನು ಕೂರಿಸಿದ್ದು ಅದೇ ಗಾಡಿಯಲ್ಲಿ. ಸೈನಿಕನೊಬ್ಬ ಎತ್ತಿ ಕೂರಿಸಿದ. ಒಳಗೆ ಕತ್ತಲೆ. ಬರೀ ಡೀಸೆಲ್ ವಾಸನೆ. ಗಾಡಿ ಎಡಕ್ಕೆ ತಿರುಗಿದರೆ ಕಲ್ಲುಕ್ವಾರಿ, ಮೇಷ್ಟ್ರನ್ನು ಒಯ್ದದ್ದು ಅಲ್ಲಿಗೇ ಎಂದು ಕಾವಲಿನವರು ಮಾತಾಡಿಕೊಂಡಿದ್ದರು; ಬಲಕ್ಕೆ ತಿರುಗಿದರೆ ಸೇತುವೆ. ತಿರುವಿನ ಹತ್ತಿರ ನಿಧಾನವಾಯಿತು. ನಿಂತೇಬಿಟ್ಟಿತು. ಯಾರೋ ಯಾರಿಗೋ ದಾರಿ ಬಿಡುತ್ತಿದ್ದರು. ಆಮೇಲೆ ಬಲಕ್ಕೆ ತಿರುಗಿತು. ಆ ಹೊತ್ತು ನನಗೇನಾಯಿತು ಎಂದು ಬರೆಯಲು ಬರುವುದಿಲ್ಲ.

ಸೇತುವೆಯ ಬಳಿ ಅಮ್ಮನೂ ನಿನ್ನತ್ತಿಗೆಯೂ ಎರಡು ಚೀಲ ಹಿಡಿದು ನಿಂತಿದ್ದರು. ಆ ಮರ್ಯಾದಸ್ಥ ಅಧಿಕಾರಿಯೂ ಇದ್ದ. ನಿನ್ನ ಹೇಳಿಕೆಯನ್ನು ಅವರು ಬೇರೆ ಯಾವುದೋ ದೊಡ್ಡ ಸಭೆಯಲ್ಲಿ ಓದಿದರಂತೆ, ನಮ್ಮ ದೇಶ ಸಾಕ್ಷಿ ಸೃಷ್ಟಿಸುತ್ತದೆ ಎಂದು ತೋರಿಸಲು. ಕಡಲಿನ ಭಾಗವನ್ನು ಮತ್ತೆ ಕೆದಕುತ್ತಾರಂತೆ. ನನ್ನಿಂದ ಆಗಬೇಕಾದ್ದು ಇನ್ನೇನೂ ಇರಲಿಲ್ಲ. “ನಿಮ್ಮ ಪ್ರಕರಣ ಕಾನೂನು ಪ್ರಕಾರ ಮುಗಿಯಿತು ಡಾಕ್ಟ್ರೇ,” ಎಂದು ಕೈಕುಲುಕಿದ. ಮೇಷ್ಟ್ರು ಎಲ್ಲಿ ಎಂದು ಕೇಳಿದೆ. “ಯಾವ ಮೇಷ್ಟ್ರು?” ಎಂದ. ಅವರ ಮಗಳು ಊರಲ್ಲೇ ಉಳಿದಿದ್ದಾಳೆ, ಅಪ್ಪ ಬಂದರೆ ಮನೆ ಬೀಗ ಹಾಕಿರಬಾರದು ಎಂದು.

ಆದ್ದರಿಂದ ನೀನು ಕಾಯಬೇಕಿತ್ತೋ, ಮಾಡಿದ್ದೇ ಸರಿಯೋ, ನನಗೆ ಗೊತ್ತಿಲ್ಲ. ಅದೇ ಕಾಗದ ಮೇಷ್ಟ್ರನ್ನು ಎಡಕ್ಕೆ ಒಯ್ದಿತು, ನನ್ನನ್ನು ಬಲಕ್ಕೆ. ಅದರಲ್ಲಿ ನ್ಯಾಯ ಹುಡುಕಲು ಹೋಗಿ ನಿನ್ನ ತಲೆ ಕೆಡಿಸಿಕೊಳ್ಳಬೇಡ.

ಈ ಕಡೆ ಒಂದು ಶಾಲೆಯಲ್ಲಿ ಶಿಬಿರ ಮಾಡಿದ್ದಾರೆ. ಮೊದಲ ದಿನ ಮೇಜಿನ ಹಿಂದೆ ಕೂತ ಹುಡುಗಿ ಹುಟ್ಟಿದ ಊರು ಕೇಳಿದಳು, ಹೇಳಿದೆ. “ಅದು ನಮ್ಮ ದೇಶದ್ದಲ್ಲ,” ಎಂದಳು.

ಇವತ್ತು ಮಂತ್ರಾಲಯದಿಂದ ಒಬ್ಬ ಬಂದಿದ್ದ. ಪುಟ್ಟ ಬೆಂಚುಗಳ ತರಗತಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಎದುರುಬದುರು ಕೂತೆವು. ಪೌರತ್ವದ ಕಾಗದ ತಯಾರಾಗಿದೆ ಎಂದ, ಮೂವರದೂ. ತೋರಿಸಿದ. ಅದರ ಕೆಳಗೆ ಇನ್ನೊಂದು ಹಾಳೆ.

“ಒಂದೇ ಸಾಲು ಡಾಕ್ಟ್ರೇ. ನಿಮ್ಮ ತಂಗಿ ಆ ಕಡೆಯವರ ಹತ್ತಿರ ದುಡ್ಡು ತಗೊಂಡು ಹೇಳಿಕೆ ಕೊಟ್ಟಿದಾರೆ ಅಂತ ನಿಮಗೆ ಗೊತ್ತು, ಅಷ್ಟೇ.”

“ನನಗೆ ಗೊತ್ತಿಲ್ಲ.”

“ಅವರು ಹೇಗಿದ್ರೂ ಇಲ್ಲಿಗೆ ಬರಲ್ಲ. ಯಾರಿಗೂ ನಷ್ಟ ಇಲ್ಲ. ನಿಮ್ಮ ತಾಯಿಗೆ ಆಸ್ಪತ್ರೆ ಬೇಕು, ಕಾಗದ ಇಲ್ದೆ ಯಾರೂ ಸೇರಿಸ್ಕೊಳ್ಳಲ್ಲ.”

ಪೆನ್ನು ಕೈಗೆ ತೆಗೆದುಕೊಂಡೆ. ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ತೆಗೆದುಕೊಂಡೆ. ಆಮೇಲೆ ಬೆಂಚಿನ ಮೇಲೆ ಇಟ್ಟೆ.

“ಆಗಲ್ಲ ಸ್ವಾಮಿ.”

“ಹಾಗಾದ್ರೆ ನೀವು ಯಾವ ದೇಶದವರೂ ಅಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು.”

ನಾಳೆ ಮತ್ತೆ ಕರೆಯುತ್ತಾನಂತೆ. ನಿನ್ನತ್ತಿಗೆ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ನಾಳೆ ನಾನೂ ಒಳಗೆ ಬರ್ತೀನಿ,” ಎಂದಳು. ಅಮ್ಮನಿಗೆ ಬೆಂಚುಗಳನ್ನು ಜೋಡಿಸಿ ಹಾಸಿಗೆ ಮಾಡಿದ್ದೇವೆ. ಭಯ ಹೋಗಿದೆ ಎಂದುಕೊಳ್ಳಬೇಡ. ಹೊರಗೆ ಯಾವ ಗಾಡಿ ನಿಧಾನವಾದರೂ ಎಡಕ್ಕೋ ಬಲಕ್ಕೋ ಎಂದು ಈಗಲೂ ಕಿವಿಗೊಡುತ್ತೇನೆ. ಆದರೂ ನಾಳೆ ಇದನ್ನೇ ಹೇಳುತ್ತೇನೆ.

ನೀನು ಬರಬೇಡ, ಅಲ್ಲೇ ಎಲ್ಲಾದರೂ ಒಂದು ಮೂಲೆ ಹುಡುಕಿಕೋ. ಕಾಗದ ಮಾತ್ರ ಹಾಕುತ್ತಿರು. ಶಾಲೆಯ ಶಿಬಿರ, ಮೂರನೇ ತರಗತಿಯ ಕೋಣೆ ಎಂದು ಬರೆದು, ಕೆಳಗೆ ದನದ ಡಾಕ್ಟರ್ ಎಂದು ಹಾಕು. ದೇಶದ ಹೆಸರು ಬೇಡ. ಸುತ್ತಮುತ್ತಲಿನವರು ಆಗಲೇ ಆಡು ಕುರಿ ಹಿಡಿದುಕೊಂಡು ಬರಲು ಶುರುಮಾಡಿದ್ದಾರೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಿನ್ನ ಅಣ್ಣ